ಸೋಮವಾರದ ಗಂಟೆ

ಹೋದ ವಾರ ತವರಿನಿಂದ ಒಂದು ಕರು ಬಂತು. ಟೆಂಪೊದ ಹಿಂಬಾಗಿಲು ಇಳಿಸಿದಾಗ ಕರುವಿಗಿಂತ ಮೊದಲು ಇಳಿದದ್ದು ವಾಸನೆ. ಅದರ ಕಾಲಡಿ ಹಾಸಿದ್ದ ಗೋಣಿತಾಟು ಯಾವ ಕಾಲದಲ್ಲೋ ಹೊಗೆಸೊಪ್ಪಿನ ಮೂಟೆಗೆ ಸುತ್ತಿದ್ದದ್ದಿರಬೇಕು. ಬೆಲ್ಲ ಸೀದ ಹಾಗಿನ, ಕೊನೆಯಲ್ಲಿ ಮೂಗಿಗೆ ಸ್ವಲ್ಪ ಕಾರ ಹತ್ತುವ ವಾಸನೆ. ನಾನು ಮದುವೆಯಾಗಿ ಬಂದಿರುವುದು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರ, ನಾಲೆ ನೀರಿನ ಊರಿಗೆ. ಇಲ್ಲಿ ಭತ್ತದ ವಾಸನೆ, ಕೆಸರಿನ ವಾಸನೆ. ಹೊಗೆಸೊಪ್ಪು ಬೇಯುವ ವಾಸನೆ ಪಿರಿಯಾಪಟ್ಟಣದ ಕಡೆಯ ನಮ್ಮ ಒಣಬೇಸಾಯದ ಊರುಗಳದ್ದು. ಎಷ್ಟೋ ವರ್ಷವಾದ ಮೇಲೆ ಅದು ಮೂಗಿಗೆ ಬಡಿದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಆಮೇಲೆ ಕರು ತಲೆ ಕೊಡವಿತು. ಕೊರಳಿನ ಗಂಟೆ ಆಡಿತು.

ಆ ಸದ್ದು ಕೇಳಿದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಓಡಲು ಹೊರಟವು. ಎಲ್ಲಿಗೆ ಅಂತ ನನಗೇ ಗೊತ್ತಿಲ್ಲ. "ಯಾಕವ್ವ, ಏನಾಯ್ತು?" ಎಂದು ಅತ್ತೆ ಕೇಳಿದ ಮೇಲೇ ನಾನು ಬಾಗಿಲು ದಾಟಿ ಬೀದಿಯ ಮಧ್ಯದಲ್ಲಿ ನಿಂತಿದ್ದೇನೆ ಎಂದು ತಿಳಿದದ್ದು. ಕಂಚಿನ ಗಂಟೆ ಅದು. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಅದರಿಂದಾಗಿ ಸದ್ದು ಮುಗಿಯುವಾಗ ಗಂಟಲು ಕಟ್ಟಿದವರ ಹಾಗೆ ಒಂದಿಷ್ಟು ಗೊರಗೊರ ಅನ್ನುತ್ತದೆ. ಸಾವಿರ ಗಂಟೆ ಬಾರಿಸಿದರೂ ನಾನದನ್ನು ಗುರುತು ಹಿಡಿಯುತ್ತೇನೆ.

ಕರು ಕಳಿಸಿದವರು ನನ್ನ ಚಿಕ್ಕಪ್ಪ, ಅಪ್ಪನ ತಮ್ಮ. ಟೆಂಪೊ ಹೊಡೆದುಕೊಂಡು ಬಂದವನು ನಮ್ಮ ಹಿಂದಿನ ಮನೆಯ ದೊಡ್ಡವ್ವನ ಮಗ. ಗಂಟೆ ಆ ದೊಡ್ಡವ್ವನದು. ದೊಡ್ಡವ್ವ ಈಗ ಇಲ್ಲ.

ಅವಳು ನನಗೆ ಸ್ವಂತ ದೊಡ್ಡವ್ವನೇನಲ್ಲ. ಅವಳ ಗಂಡ ನಮ್ಮೂರಿನವನು, ಅಪ್ಪನಿಗೆ ದೂರದ ಅಣ್ಣನಾಗಬೇಕು. ಕೋಟೆ ತಾಲ್ಲೂಕಿನ ಹಂಪಾಪುರದ ಕಡೆ ಹೆಣ್ಣು ಕಟ್ಟಿಕೊಂಡು, ಮಾವನ ಮನೆಯಲ್ಲೇ ಉಳಿದು ಬೇಸಾಯ ಮಾಡಿಕೊಂಡಿದ್ದ. ಅವನು ತೀರಿಕೊಂಡ ಮೇಲೆ ಅವಳು ಮಗನನ್ನು ಕರೆದುಕೊಂಡು ಗಂಡನ ಪಾಲಿನ ಮನೆಗೆ, ನಮ್ಮ ಹಿತ್ತಲಿನ ಬೇಲಿಯಾಚೆಗೆ ಬಂದಳು. ಮಗ ಆಗಲೇ ಶಾಲೆಗೆ ಹೋಗುವಷ್ಟಿದ್ದ, ನನಗಿಂತ ಸ್ವಲ್ಪ ದೊಡ್ಡವನು. ಬಾಯಿ ಮುಚ್ಚದ ಹುಡುಗ. ಅಂಥ ವಾಚಾಳಿಯನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ತಾಯಿಯೂ ಏನು ಕಡಿಮೆಯಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ನಾವು ಹೆಂಗಸರೆಲ್ಲ ಚಪ್ಪರದ ಕೆಳಗೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರೆ, ಅವಳ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಮುಂದೆ ಓಡುತ್ತಿತ್ತು. ಯಾರ ಗಂಡ ಯಾರಿಗೆ ಹೆದರುತ್ತಾನೆ, ಯಾರ ಸೊಸೆ ಸಾರಿಗೆ ಉಪ್ಪು ಮರೆಯುತ್ತಾಳೆ, ಎಲ್ಲವೂ ಅವಳ ಬಾಯಲ್ಲಿ ಕತೆ. ನನ್ನನ್ನು ಕಂಡರೆ ಪ್ರಾಣ. ನನ್ನ ಕೈ ಎಲೆಯ ಅಂಟಿನಿಂದ ಕಪ್ಪಾದಾಗ ಹುಣಸೆಹಣ್ಣು ಹಾಕಿ ಉಜ್ಜುತ್ತ, "ಈ ಕೈ ನೋಡುದ್ರೆ ಯಾವ ಗಂಡೂ ಓಡೋಯ್ತನೆ ಕಣವ್ವ" ಎಂದು ನಗಿಸುತ್ತಿದ್ದಳು.

ಸೋಮವಾರ ಮಾತ್ರ ಅವಳು ಮಾತಾಡುತ್ತಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡರೆ ಮಂಗಳವಾರ ಹೊತ್ತು ಹುಟ್ಟುವವರೆಗೆ ಒಂದು ಅಕ್ಷರವಿಲ್ಲ. ಯಾಕೆ ಎಂದು ಕೇಳಿದರೆ, ಶಿವನ ವಾರ ಎಂದು ಮೇಲೆ ಕೈ ತೋರಿಸುವಳು. ಆರು ದಿನದ ಮಾತಿನಿಂದ ಊರಿಗೆ ಒಂದು ದಿನ ಬಿಡುವು ಎಂದು ಗಂಡಸರು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಸದ್ದಿಲ್ಲದೆ, ಹೊಟ್ಟೆ ಕುಣಿಸಿಕೊಂಡು. ಯಾರನ್ನಾದರೂ ಕರೆಯಬೇಕಾದರೆ ಜಗಲಿಯ ಕಂಬಕ್ಕೆ ನೇತುಹಾಕಿದ್ದ ಈ ಗಂಟೆ ಬಾರಿಸುತ್ತಿದ್ದಳು. ಕೋಳಿ ನಮ್ಮ ಸೊಪ್ಪಿನ ಮಡಿಗೆ ನುಗ್ಗಿದರೆ ಗಂಟೆ. ಅಂಗಡಿಯಿಂದ ಸೀಗೇಕಾಯಿ ಬೇಕಾದರೆ ಗಂಟೆ. ಬಿಸಿಬಿಸಿ ಕಡುಬು ಮಾಡಿದ್ದೇನೆ ಬನ್ನಿ ಎನ್ನುವುದಕ್ಕೂ ಗಂಟೆಯೇ. ನಾವು ಮಾಡುತ್ತಿದ್ದ ಕೆಲಸ ಬಿಡದೆ "ಬಂದೆ ದೊಡ್ಡವ್ವಾ" ಎಂದು ಕೂಗಿ, ನಿಧಾನಕ್ಕೆ ಹೋಗುತ್ತಿದ್ದೆವು. ಹೋಗದಿದ್ದರೆ ಮತ್ತೆ ಬಾರಿಸುವಳು. ಸೋಮವಾರದ ಆ ಸದ್ದು ನಮಗೆ ಕಾಗೆಯ ಕೂಗಿನಷ್ಟೇ ಮಾಮೂಲಾಗಿತ್ತು.

ಅಮ್ಮ ಒಂದೊಂದು ಸಲ ರೇಗುತ್ತಿದ್ದಳು. ಆಗ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು. "ಅವರವರ ನಂಬಿಕೆ ಅವರವರ್ಗೆ ಬುಡು. ಅವ್ಳು ಮಾತಾಡ್ದಿದ್ರೆ ಯಾರ್ಗೇನ್ ತೊಂದ್ರೆ?"

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಅವಳೇನು ಮೈಮೇಲೆ ದೇವರು ಬರಿಸಿಕೊಂಡು ಯಾರನ್ನೂ ಹೆದರಿಸಲಿಲ್ಲ. ನೀವೂ ಸುಮ್ಮನಿರಿ ಎಂದು ಯಾರಿಗೂ ಹೇಳಲಿಲ್ಲ. ಕಾಸು ಎತ್ತಲಿಲ್ಲ, ಕೋಳಿ ಕೊಯ್ಯಿಸಲಿಲ್ಲ. ತನ್ನ ಬಾಯಿ, ತನ್ನ ದೇವರು, ತನ್ನ ಮನೆಯ ಜಗಲಿ. ಇದಕ್ಕಿಂತ ನಿರುಪದ್ರವಿಯಾದ ಭಕ್ತಿ ಇನ್ನೊಂದುಂಟೇ... ಈಗಲೂ ಯಾರಾದರೂ ನನ್ನೆದುರು, ನಮ್ಮ ನಂಬಿಕೆಯಿಂದ ಯಾರಿಗೇನು ನಷ್ಟ ಎಂದರೆ, ಜಗಳ ಕಾಯಬೇಕೆನಿಸುತ್ತದೆ. ಕಾಯುವುದಿಲ್ಲ. ಎದ್ದು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ಹೊಗೆಸೊಪ್ಪು ಬೇಯಿಸುವುದನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಬ್ಯಾರನ್ ಎಂದರೆ ಕಿಟಕಿಯಿಲ್ಲದ, ಎತ್ತರದ, ಒಂದೇ ಕೋಣೆಯ ಮನೆ. ಒಳಗೆ ನೆತ್ತಿಯವರೆಗೂ ಅಟ್ಟಣಿಗೆ ಕಟ್ಟಿ ಎಲೆ ಕಟ್ಟಿದ ಕಡ್ಡಿಗಳನ್ನು ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನಿಂದ ಒಲೆಗೆ ಸೌದೆ ಹಾಕಿದರೆ ಒಳಗೆ ನೆಲದ ಮೇಲೆ ಹಾಯ್ದ ಕಬ್ಬಿಣದ ಕೊಳವೆಗಳು ಕಾಯುತ್ತವೆ. ಆ ಕಾವಿಗೆ ಎಲೆ ದಿನಗಟ್ಟಲೆ ಬೇಯುತ್ತ ಹಸಿರಿನಿಂದ ಹಳದಿಗೆ ತಿರುಗಿ ಒಣಗುತ್ತದೆ. ಕೊನೆಕೊನೆಯಲ್ಲಿ ಎಲೆ ಹಪ್ಪಳದಂತಾಗಿರುವಾಗ ಒಂದು ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಮುಗಿಯಿತು, ಬೆಂಕಿ. ಹಾಗೆ ಬೆಂಕಿ ಬಿದ್ದಾಗ ಬಾಗಿಲು ತೆಗೆಯಬಾರದು. ತೆಗೆದರೆ ಗಾಳಿ ನುಗ್ಗಿ ಬೆಂಕಿಯೆಲ್ಲ ಬಾಗಿಲಿಗೇ ಹಾರುತ್ತದೆ. ಒಲೆಯ ಸೌದೆ ಎಳೆದುಹಾಕಬೇಕು, ಗಾಳಿಕಂಡಿ ಮುಚ್ಚಬೇಕು, ಬ್ಯಾರನ್ ಹೋದರೆ ಹೋಗಲಿ ಎಂದು ದೂರ ನಿಲ್ಲಬೇಕು. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು.

ನಾನು ಆಗ ಹುಣಸೂರಿನಲ್ಲಿ ಕಾಲೇಜಿಗೆ ಸೇರಿದ್ದೆ. ಸೊಪ್ಪಿನ ಕೆಲಸಕ್ಕೆಂದು ಊರಿಗೆ ಬಂದಿದ್ದೆ. ಚಿಕ್ಕಪ್ಪನಿಗೆ ಹಂಪಾಪುರದ ಕಡೆಯ ಹುಡುಗಿ ಗೊತ್ತಾಗಿತ್ತು. ಗೊತ್ತು ಮಾಡಿದವಳು ದೊಡ್ಡವ್ವನೇ. ಅವತ್ತು ಸೋಮವಾರ, ಮಧ್ಯಾಹ್ನ ಊಟ ಮುಗಿದಿತ್ತು. ನಾವು ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತಿದ್ದೆವು. ಮದುವೆಯ ಮಾತು ತೆಗೆದು ಎಲ್ಲರೂ ಚಿಕ್ಕಪ್ಪನನ್ನು ಆಡಿಕೊಳ್ಳುತ್ತಿದ್ದೆವು. ಅವರು ನಾಚಿಕೊಂಡು, ಸೊಪ್ಪು ಬೆಂದಿದೆಯೋ ನೋಡುತ್ತೇನೆ ಎಂದು ಎದ್ದರು.

ಗಂಟೆ ಬಾರಿಸಿತು. ಸೋಮವಾರವಲ್ಲವೇ, ಯಾರೂ ತಲೆ ಎತ್ತಲಿಲ್ಲ. ಮತ್ತೆ ಬಾರಿಸಿತು. ಬಾರಿಸುತ್ತಲೇ ಇತ್ತು. "ಇವತ್ತೇನೋ ಕಜ್ಜಾಯ ಮಾಡವ್ಳೆ ನಮ್ಮಕ್ಕ" ಎಂದು ಅಮ್ಮ ನಕ್ಕಳು. ದೊಡ್ಡವ್ವನ ಜಗಲಿಯಿಂದ ನಮ್ಮ ಬ್ಯಾರನ್ನಿನ ಪಕ್ಕ ಕಾಣುತ್ತದೆ, ಮುಂದಿನ ಬಾಗಿಲಿಗೆ ಬಂದವರೂ ಕಾಣುತ್ತಾರೆ, ಹಿಂದೆ ಸೂರಿನಡಿ ಕಾವು ಹೋಗಲು ಬಿಟ್ಟ ಮೇಲ್ಗಂಡಿಯ ಹೊಗೆಯೂ ಕಾಣುತ್ತದೆ. ನಮಗೆ ಹಿಂಭಾಗ ಕಾಣುತ್ತಿರಲಿಲ್ಲ. ಚಿಕ್ಕಪ್ಪ ಬಾಗಿಲ ಹತ್ತಿರ ಹೋದವರು ಗಂಟೆಯ ಕಡೆ ತಿರುಗಿ ಕೈ ಎತ್ತಿದರು.

"ಬಂದೆ ಇರು ಅತ್ಗೇ! ಸೊಪ್ಪು ನೋಡ್ಬುಟ್ಟು ಬತ್ತೀನಿ!"

ಹಾಗೆಂದವರು ಅಗುಳಿ ಎಳೆದರು...

ಆ ಮೇಲಿನದು ನನಗೆ ಸರಿಯಾಗಿ ಒಂದರ ಹಿಂದೆ ಒಂದಾಗಿ ನೆನಪಿಲ್ಲ. ಬಾಗಿಲಿನಿಂದ ಬೆಂಕಿ ಹೊರಗೆ ಬಂದದ್ದು. ಚಿಕ್ಕಪ್ಪ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದದ್ದು. ಬೇಲಿಯ ಸಂದಿನಿಂದ ದೊಡ್ಡವ್ವ ಓಡಿ ಬಂದದ್ದು. ಅವಳ ಕೈಯಲ್ಲಿ ಹಗ್ಗ ಸಮೇತ ಕಿತ್ತುಬಂದ ಗಂಟೆ ಇತ್ತು. ಅವಳ ಬಾಯಿ ಅಷ್ಟಗಲ ತೆರೆದಿತ್ತು. ಅದರಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಅದನ್ನು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. ನಾವೆಲ್ಲ ಕಿರುಚಿಕೊಂಡು ದಿಕ್ಕಾಪಾಲಾಗಿ ನಿಂತಿದ್ದಾಗ ಮೊದಲು ಚಿಕ್ಕಪ್ಪನ ಹತ್ತಿರ ಹೋದವಳು ಅವಳೇ. ದನದ ಕಲಗಚ್ಚಿನಲ್ಲಿ ಗೋಣಿ ಅದ್ದಿ ಅವರ ಮೇಲೆ ಹೊದಿಸಿ ಎಳೆದುಹಾಕಿದಳು. ಅವಳ ಅಂಗೈ ಎರಡೂ ಬೆಂದವು. ಆಗಲೂ ಅವಳು ಅಯ್ಯೋ ಅನ್ನಲಿಲ್ಲ.

ಚಿಕ್ಕಪ್ಪ ಬದುಕಿದರು. ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಎಡಗಣ್ಣು ಹೋಯಿತು, ಮುಖದ ಎಡಭಾಗ ಸುಕ್ಕುಗಟ್ಟಿತು, ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಹಂಪಾಪುರದ ಹೆಣ್ಣಿನ ಕಡೆಯವರು ಒಂದು ಸಲ ಬಂದು ನೋಡಿದರು. ಕಾಫಿ ಕುಡಿದು, ದೇವರು ದೊಡ್ಡವನು ಎಂದು ಹೇಳಿ ಹೋದರು. ಆಮೇಲೆ ಅವರ ಸುದ್ದಿಯಿಲ್ಲ.

ಬೆಂಕಿ ಬಿದ್ದ ಮರುದಿನ, ಮಂಗಳವಾರ, ಹೊತ್ತು ಹುಟ್ಟುತ್ತಲೇ ದೊಡ್ಡವ್ವ ನಮ್ಮ ಅಂಗಳದಲ್ಲಿ ನಿಂತಿದ್ದಳು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅಮ್ಮ ಬಾಗಿಲಲ್ಲಿದ್ದಳು.

"ಹೊಗೆ ನೋಡ್ದೆ ಕಣವ್ವ. ಮೇಲ್ಗಂಡೀಲಿ ಕರೀ ಹೊಗೆ ಬತ್ತಿತ್ತು. ಅವ್ನು ಬಾಗ್ಲಿಗೆ ಓಯ್ತಿರದೂ ನೋಡ್ದೆ."

"ನೋಡುದ್ಮೇಲೆ ಕೂಗ್ಬೇಕಾಗಿತ್ತಲ್ಲಕ್ಕ."

"ಬಾಯಿಗೆ ಬಂದಿತ್ತು. ನುಂಗ್ಕಂಡೆ."

ಅಮ್ಮ ಬಾಗಿಲು ಹಾಕಿಕೊಂಡಳು. ದೊಡ್ಡವ್ವ ಬಹಳ ಹೊತ್ತು ಅಂಗಳದಲ್ಲೇ ಇದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಓಡಿ ಹೋಗಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಹಿಡಿದು ಅಲ್ಲಾಡಿಸಿಬಿಡಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ.

ಊರು ಎರಡಾಯಿತು. ಗಂಟೆ ಬಾರಿಸಿದಳಲ್ಲ, ಇನ್ನೇನು ಮಾಡಬೇಕಿತ್ತು, ವ್ರತ ಬಿಡೋಕಾಗುತ್ತಾ ಎಂದು ಕೆಲವರು. ಒಂದು ಮಾತಿಗೆ ಶಿವ ಮುನಿಯುತ್ತಾನಾ, ಅಂಥ ಶಿವ ಯಾಕೆ ಬೇಕು ಎಂದು ಕೆಲವರು. ಅವಳು ಕೂಗಿದ್ದರೂ ಚಿಕ್ಕಪ್ಪನಿಗೆ ಕೇಳಿಸುತ್ತಿರಲಿಲ್ಲ ಎಂದು ಮೂರನೆಯವರು. ನನಗೆ ಈ ಮೂರನೆಯ ಮಾತು ಬಹಳ ಹಿಡಿಸಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಯಾರ ಪರವಾಗಿಯೂ ಮಾತಾಡಲಿಲ್ಲ. ಆದರೆ ಅವರವರ ನಂಬಿಕೆ ಅವರವರಿಗೆ ಎನ್ನುವುದನ್ನು ಅಪ್ಪನ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಚಿಕ್ಕಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ತಾವೇ ಬೇಲಿ ದಾಟಿ ಅವಳ ಜಗಲಿಗೆ ಹೋದರು. ಏನು ರಾದ್ಧಾಂತವಾಗುತ್ತದೋ ಎಂದು ನಾನೂ ಹಿಂದೆ ಹೋದೆ. ಅವರು ಬೈಯಲಿಲ್ಲ. ಕಂಬಕ್ಕೆ ಮತ್ತೆ ಕಟ್ಟಿದ್ದ ಗಂಟೆಯನ್ನು ಒಂದು ಕಣ್ಣಿನಲ್ಲಿ ನೋಡಿ, "ಅತ್ಗೆ, ಇದ ನಂಗೆ ಕೊಡು. ದನಕ್ಕೆ ಕಟ್ಕತೀನಿ. ಮನುಸ್ರ ಕರೆಯಕ್ಕೆ ಬಾಯಿ ಅದೆ" ಎಂದರು. ದೊಡ್ಡವ್ವ ಬಿಚ್ಚಿಕೊಟ್ಟಳು. ಅವರಿಬ್ಬರ ನಡುವೆ ಆ ವಿಷಯದಲ್ಲಿ ನಡೆದ ಮಾತು ಅಷ್ಟೇ, ನನಗೆ ತಿಳಿದ ಮಟ್ಟಿಗೆ.

ಅಲ್ಲಿಂದ ಮುಂದೆ ಸೋಮವಾರ ಅವಳ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಜಗಲಿಗೂ ಬರುತ್ತಿರಲಿಲ್ಲ. ಕಿಟಕಿಗೆ ಹಳೆಯ ಸೀರೆ ಇಳಿಬಿಡುತ್ತಿದ್ದಳು. ಕಣ್ಣಿಗೆ ಏನೂ ಬೀಳದಿದ್ದರೆ ಕೂಗುವ ಪ್ರಮೇಯವೇ ಇಲ್ಲವಲ್ಲ. ಒಳಗೆ ಗೋಡೆ ನೋಡಿಕೊಂಡು ಕೂತಿರುತ್ತಾಳೆ ಎಂದು ಅವಳ ಮಗನೇ ಹೇಳುತ್ತಿದ್ದ. ಅವನು ಆಗ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುತ್ತಿದ್ದ. ಪಿರಿಯಾಪಟ್ಟಣ, ಕೊಪ್ಪ, ಕುಶಾಲನಗರ ಎಂದು ಅವನು ಎಳೆದು ಕೂಗಿದರೆ ಸ್ಟ್ಯಾಂಡಿನ ಆ ತುದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಕೈ ತೊಳೆದು ಎದ್ದು ಬರುತ್ತಿದ್ದರು. ಬೆಂಕಿ ಬಿದ್ದ ಹೊತ್ತಿನಲ್ಲೂ ಅವನು ಅಲ್ಲೇ ಕೂಗುತ್ತಿದ್ದ. ಇದರಲ್ಲಿ ಏನಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹೀಗೆ. ಸೊಪ್ಪಿನ ಕೆಲಸ ಮುಗಿದು, ಹೊಸ ಬಾಗಿಲಿಟ್ಟು ಸರಿಮಾಡಿಸಿದ್ದ ಬ್ಯಾರನ್ ತಣ್ಣಗಾಗಿದ್ದ ಕಾಲ. ರಜೆಗೆ ಊರಿಗೆ ಬಂದಿದ್ದೆ. ನನ್ನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು, ಕೂಗಿದ್ದರೆ ಕೇಳಿಸುತ್ತಿತ್ತೋ ಇಲ್ಲವೋ. ಹಾಸ್ಟೆಲಿನಲ್ಲಿ ಪುಸ್ತಕ ಬಿಚ್ಚಿದರೂ ಅದೇ. ದೊಡ್ಡವ್ವ ಹೊಲಕ್ಕೆ ಹೋಗಿದ್ದಾಳೆ ಎಂದುಕೊಂಡು, ನನ್ನ ತಂಗಿಯನ್ನು ಅವಳ ಜಗಲಿಯ ಮೇಲೆ ನಿಲ್ಲಿಸಿದೆ. ನಾನು ಬ್ಯಾರನ್ನಿನ ಬಾಗಿಲ ಮುಂದೆ, ಚಿಕ್ಕಪ್ಪ ನಿಂತಿದ್ದ ಜಾಗದಲ್ಲಿ, ಅಗುಳಿಯ ಮೇಲೆ ಕೈಯಿಟ್ಟು ನಿಂತೆ. ಕೇಳಿಸದಿರಲಪ್ಪಾ ದೇವರೇ ಎಂದು ಬೇಡಿಕೊಂಡೆ. ತಂಗಿ ಕೂಗಿದಳು.

"ತೆಗೀಬ್ಯಾಡಾ!"

ಕಿವಿಯ ಪಕ್ಕದಲ್ಲೇ ಕೂಗಿದ ಹಾಗೆ ಕೇಳಿಸಿತು. ನನ್ನ ಕೈ ಅಗುಳಿಯಿಂದ ತಾನಾಗಿ ಸರಿಯಿತು. ತಿರುಗಿ ನೋಡುತ್ತೇನೆ, ತಂಗಿಯ ಹಿಂದೆ ಬಾಗಿಲು ತೆರೆದುಕೊಂಡು ದೊಡ್ಡವ್ವ ನಿಂತಿದ್ದಾಳೆ. ಹೊಲಕ್ಕೆ ಹೋಗಿರಲೇ ಇಲ್ಲ.

ತಂಗಿಯನ್ನು ಮನೆಗೆ ಕಳಿಸಿ ಅವಳು ನನ್ನನ್ನು ಹತ್ತಿರ ಕರೆದಳು. ಸೋಮವಾರವಲ್ಲ ಅವತ್ತು.

"ಕೇಳಿಸ್ತೇನವ್ವ?"

"ಕೇಳಿಸ್ತು ದೊಡ್ಡವ್ವ."

"ಉಂ" ಎಂದಳು. ಬೆಂದು ಗಂಟಾದ ಅಂಗೈಯನ್ನು ಸೀರೆಗೆ ಉಜ್ಜುತ್ತ ಕೂತಳು. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ಅವಳ ಮಗ ಚಿಕ್ಕವನಾಗಿದ್ದಾಗ ಮಾತೇ ಆಡುತ್ತಿರಲಿಲ್ಲವಂತೆ. ಅವನ ವಾರಿಗೆಯ ಮಕ್ಕಳು ಶಾಲೆಗೆ ಹೊರಟರೂ ಇವನಿಗೆ ಅವ್ವ ಅನ್ನಲೂ ಬರುತ್ತಿರಲಿಲ್ಲ. ಮೂಗನ ತಾಯಿ ಎಂದು ತವರೂರಿನಲ್ಲಿ ಅವಳಿಗೆ ಹೆಸರಾಯಿತು. ಒಂದು ಸೋಮವಾರ ನಂಜನಗೂಡಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲೇ ನಿಂತು ನಂಜುಂಡಪ್ಪನಿಗೆ ಹರಕೆ ಕಟ್ಟಿಕೊಂಡಳು.

"ವಾರ್ದಲ್ಲಿ ಒಂದಿನ ನನ್ನ ಬಾಯಿ ನೀನಿಟ್ಕೊ, ನನ್ ಮಗಂಗೆ ಬಾಯಿ ಕೊಡು ಅಂದೆ ಕಣವ್ವ. ಆ ವರ್ಸ ತುಂಬೋದ್ರೊಳಗೆ ಅವ್ವ ಅಂದ. ಒಂದ್ಸಲ ಸುರು ಮಾಡ್ದವ್ನು ನಿಲ್ಲುಸ್ಲೇ ಇಲ್ಲ. ಆವತ್ತು ನಿಮ್ ಚಿಕ್ಕಪ್ಪ ಬಾಗ್ಲಿಗೆ ಕೈ ಆಕ್ದಾಗ ನನ್ ಬಾಯಿ ತೆರ್ಕಂತು. ಕಣ್ಮುಂದೆ ನನ್ ಮಗನ ಮಕ ಬಂತು, ಬಾಯಿ ಆಡ್ಸ್ತಾವ್ನೆ, ಮಾತೇ ಬತ್ತಿಲ್ಲ. ಅಷ್ಟೆಯ. ಅಷ್ಟ್ರೊಳಗೆ ಎಲ್ಲಾ ಆಗೋಯ್ತು."

ಅವಳೇ ಮತ್ತೆ, "ಇದ್ನ ಯಾರ್ಗೂ ಏಳಿಲ್ಲ. ನನ್ ಮಗಂಗಂತೂ ಏಳ್ಬ್ಯಾಡ ಕಣ್ ಮಗ. ಒಬ್ರ ಕಣ್ ಕೊಟ್ಟು ಇವ್ನ ಬಾಯಿ ಉಳುಸ್ಕಂಡವ್ಳೆ ಅಂತ ಗೊತ್ತಾದ್ರೆ ಅವ್ನು ಮಾತಾಡದೇ ಬುಟ್ಬುಡ್ತನೆ" ಎಂದಳು. ತನ್ನ ತಲೆಯ ಮೇಲೆ ಕೈಯಿಡಿಸಿಕೊಂಡು ಆಣೆ ಮಾಡಿಸಲಿಲ್ಲ. ಮಾಡಿಸಿದ್ದರೆ ಮುರಿಯುವುದು ಸುಲಭವಾಗುತ್ತಿತ್ತೇನೋ.

ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಮೊದಲು ಅವಳದು ಬರೀ ಹಟ ಎಂದುಕೊಂಡು ಸಿಟ್ಟು ಮಾಡಬಹುದಿತ್ತು. ಈಗ ಸಿಟ್ಟಿಗೂ ಜಾಗವಿಲ್ಲ, ಕ್ಷಮೆಗೂ ಜಾಗವಿಲ್ಲ. ಹರಕೆಯಿಂದ ಮಗನಿಗೆ ಮಾತು ಬಂತು ಎಂದು ನಾನು ನಂಬುವುದಿಲ್ಲ. ಕೆಲವು ಮಕ್ಕಳು ತಡವಾಗಿ ಮಾತಾಡುತ್ತವೆ, ಅಷ್ಟೇ. ಆದರೆ ಅವಳು ನಂಬಿದ್ದಳು. ನಂಬಿದವಳಿಗೆ ಆ ಹೊತ್ತಿನಲ್ಲಿ ಎದುರಿಗಿದ್ದದ್ದು ವ್ರತವಲ್ಲ, ಮಗ. ಹೆತ್ತವಳು ಇನ್ನೇನು ಮಾಡುತ್ತಾಳೆ ಎನ್ನಿಸುತ್ತದೆ. ಮರುಗಳಿಗೆಗೆ ಚಿಕ್ಕಪ್ಪ ಅನ್ನವನ್ನು ಬೆರಳಿನ ಸಂದಿನಲ್ಲಿ ಹಿಡಿದು ಬಾಯಿಗಿಡುವುದು ಕಣ್ಣಿಗೆ ಬರುತ್ತದೆ, ಛೆ, ಒಂದೇ ಒಂದು ಮಾತಿತ್ತಲ್ಲೇ ದೊಡ್ಡವ್ವ ಎಂದು ಹಲ್ಲು ಕಡಿಯುತ್ತೇನೆ. ಇಷ್ಟು ವರ್ಷವೂ ಹೀಗೇ, ಅತ್ತಲಿಂದ ಇತ್ತ, ಇತ್ತಲಿಂದ ಅತ್ತ.

ನನ್ನ ಮಗಳು ಹುಟ್ಟಿದ ಮೇಲೆ ಬಾಣಂತನಕ್ಕೆ ಹೋಗಿದ್ದಾಗ ಒಂದು ಸಲ ತಡೆಯಲಾರದೆ ಕೇಳಿಬಿಟ್ಟೆ. ನಿನ್ನ ಮಗ, ನಮ್ಮಣ್ಣ, ಈಗ ಮದುವೆಯಾಗಿದ್ದಾನೆ, ಸ್ವಂತ ಟೆಂಪೊ ಇಟ್ಟಿದ್ದಾನೆ, ಇನ್ನೂ ಯಾಕೆ ಕತ್ತಲೆಯಲ್ಲಿ ಕೂರುತ್ತೀ, ಬಿಟ್ಟುಬಿಡು ದೊಡ್ಡವ್ವ ಎಂದೆ. ಅವಳು ನನ್ನ ಮಗಳ ಕಾಲಿಗೆ ಎಣ್ಣೆ ನೀವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮುರುದ್ರೆ ಅವ್ನಿಗೇನಾರ ಆಯ್ತದೆ ಅಂತ ಈಗ ಎದ್ರಿಕೆ ಇಲ್ಲ ಕಣವ್ವ. ಮುರುದು, ಏನೂ ಆಗ್ದೆ ಓದ್ರೆ? ಆಗ ನಿಮ್ ಚಿಕ್ಕಪ್ಪನ ಕಣ್ಗೆ ನಾನೇನ್ ಏಳ್ಲಿ?"

ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಅಳು ಬಂದಿತ್ತು, ಅವಳೆದುರು ಅಳಲು ಇಷ್ಟವಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ದೊಡ್ಡವ್ವ ಹೋದಳು. ಶುಕ್ರವಾರ. ಕೊನೆಯವರೆಗೂ ಮಾತಾಡುತ್ತಲೇ ಇದ್ದಳಂತೆ, ಯಾರದೋ ಸೊಸೆಯ ಉಪ್ಪಿಲ್ಲದ ಸಾರಿನ ವಿಷಯ... ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಮನೆಯ ಜಗಲಿ ನೋಡಿ ನನಗೆ ತಡೆಯಲಾಗಲಿಲ್ಲ. ಈ ಭೂಮಿಯ ಮೇಲೆ ನನ್ನ ಕೈ ಹಿಡಿದು ಹುಣಸೆಹಣ್ಣು ಉಜ್ಜಿದವಳು ಇನ್ನಿಲ್ಲ ಎಂದು ಮನಸಾರೆ ಅತ್ತೆ. ಚಿಕ್ಕಪ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ಹೆಣ ಎತ್ತುವಾಗ ಅವರೂ ಹೆಗಲು ಕೊಟ್ಟರಂತೆ.

ಹೋದ ವಾರ ಕರು ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ಅಣ್ಣ ನಮ್ಮ ಜಗಲಿಯ ಮೇಲೆ ಕೂತ. ದಾರಿಯುದ್ದದ ಕತೆಯೆಲ್ಲ ಹೇಳಿದ. ಹೊಗೆಸೊಪ್ಪಿನ ರೇಟು, ಹುಣಸೂರಿನ ರಸ್ತೆ, ಚಿಕ್ಕಪ್ಪನ ಸಕ್ಕರೆ ಕಾಯಿಲೆ. ಚಿಕ್ಕಪ್ಪನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವವನು ಅವನೇ, ಶರ್ಟಿನ ಗುಂಡಿ ಹಾಕುವವನೂ ಅವನೇ. ಸ್ವಂತ ಮಗನಿದ್ದರೂ ಅಷ್ಟು ಮಾಡುತ್ತಿದ್ದನೋ ಇಲ್ಲವೋ. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಒಂದು ಕೇಳ್ಲಾ ತಂಗ್ಯವ್ವ? ನೀನು ಅವ್ವನತ್ರ ಜಾಸ್ತಿ ಕೂರ್ತಿದ್ದೆ. ಅವ್ಳು ಯಾಕೆ ಆ ಸೋಮವಾರ ಇಡ್ಕಂಡಿದ್ಲು? ನಿಂಗೇನಾರ ಏಳಿದ್ಲಾ?"

"ಶಿವನ ವಾರ ಕಣಣ್ಣ..."

"ಅದು ಎಲ್ರಿಗೂ ಗೊತ್ತಲ್ಲ. ಯಾವ್ದಾರ ಕಷ್ಟಕ್ಕೆ ಕಟ್ಕಂಡಿರ್ಬೇಕು ಅಂತ ಅನ್ಕತಿದ್ದೆ. ಏನಾರ ಅಂಗಿದ್ರೆ ಏಳವ್ವ. ಇಲ್ದೆ ಓದ್ರೆ ಏನ್ ಅರ್ಥ? ಒಂದು ಬರೀ ವ್ರತಕ್ಕೆ ಮನುಸ್ನ ಬೆಂಕಿಗೆ ಬುಟ್ಟವ್ಳೆ ನಮ್ಮವ್ವ. ಚಿಕ್ಕಪ್ಪನ ಗುಂಡಿ ಆಕೋವಾಗೆಲ್ಲ ಅವ್ಳ ಮ್ಯಾಲೆ ಸಿಟ್ಟು ಬತ್ತದೆ. ತಿಥಿ ದಿನ ಎಡೆ ಇಡಕ್ಕೂ ಕೈ ಬರ್ನಿಲ್ಲ. ಸತ್ತವ್ಳ ಮ್ಯಾಲೆ ಸಿಟ್ಟಿಟ್ಕಂಡು ಎಷ್ಟು ದಿನ ಇರನೆ ಏಳು?"

ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಹೇಳಿದರೆ ಇವನಿಗೆ ತಾಯಿ ಸಿಗುತ್ತಾಳೆ. ಅದರ ಜೊತೆಗೇ ಚಿಕ್ಕಪ್ಪ ಕಳೆದುಕೊಂಡ ಕಣ್ಣಿನ ಭಾರ ಇವನ ಹೆಗಲ ಮೇಲೆ ಬೀಳುತ್ತದೆ. ಇನ್ನು ಮೇಲೆ ಇವನು ಬಾಯಿ ತೆರೆದಾಗಲೆಲ್ಲ... ಹೇಳದಿದ್ದರೆ ಕಲ್ಲೆದೆಯ ಅವ್ವನ ಮಗನಾಗಿ ಉಳಿಯುತ್ತಾನೆ. ಹೇಳಬೇಡ ಎಂದವಳು ಸತ್ತಿದ್ದಾಳೆ, ಕೇಳುತ್ತಿರುವವನು ಎದುರಿಗಿದ್ದಾನೆ. ಬದುಕಿರುವವನಿಗಿಂತ ಸತ್ತವಳ ಮಾತು ದೊಡ್ಡದೇ? ಇಷ್ಟು ವರ್ಷ ನಾನು ಹಲ್ಲು ಕಡಿದದ್ದು ಯಾಕೆ ಹಾಗಾದರೆ? ನನ್ನ ಬಾಯಿ ತೆರೆಯಿತು. ಮಾತು ನಾಲಿಗೆಯ ಮೇಲಿತ್ತು.

"ನಂಗೇನೂ ಏಳಿಲ್ಲ ಕಣಣ್ಣ" ಎಂದೆ.

ಅವನು ತಲೆಯಾಡಿಸಿದ. ಅರ್ಧ ಕಾಫಿ ಬಿಟ್ಟು ಎದ್ದ. "ಬುಡು, ಇನ್ನೇನು. ಬತ್ತೀನಿ" ಎಂದು ನನ್ನ ಮುಖ ನೋಡದೆ ಟೆಂಪೊ ಹತ್ತಿದ. ಅವನ ಬೆನ್ನು ನೋಡಿದೆ. ಯಾವತ್ತೂ ಅಷ್ಟು ಬಾಗಿದ್ದದ್ದು ಕಂಡಿರಲಿಲ್ಲ.

ಹಿಂದೆ ಕೊಟ್ಟಿಗೆಯಲ್ಲಿ ಕರು ನೊಣಕ್ಕೆ ತಲೆ ಕೊಡವಿರಬೇಕು, ಗಂಟೆ ಆಡಿತು. ನಾನು ಬೀದಿಗೆ ಓಡಿ ಬಂದೆ. ಟೆಂಪೊ ನಾಲೆಯ ಏರಿ ಹತ್ತಲು ನಿಧಾನ ಮಾಡಿತ್ತು, ಅವನ ಮೊಣಕೈ ಕಿಟಕಿಯಾಚೆ ಕಾಣುತ್ತಿತ್ತು. ಆ ದೂರ ನನಗೆ ಚೆನ್ನಾಗಿ ಗೊತ್ತು. ನಮ್ಮ ಬ್ಯಾರನ್ನಿನ ಬಾಗಿಲಿನಿಂದ ದೊಡ್ಡವ್ವನ ಜಗಲಿಗೆ ಇದ್ದಷ್ಟೇ ಇತ್ತು. ಕೂಗಿದ್ದರೆ ಕೇಳಿಸುತ್ತಿತ್ತು.